ಹಡಗಿಗೆ ಮುಂಚೆ ಎರಡು ದಿನ

ಕೋಡಿಹಳ್ಳಿ
12 ನವೆಂಬರ್ 2024

ಲತಾ,

ನಾನು ಅಂಕಮ್ಮ. ಫೋನ್ ಮಾಡಬಹುದಿತ್ತು. ಆದರೆ ನೀನು ಮದುವೆಯಾಗಿ ಈ ಊರು ಬಿಟ್ಟು ದೊಡ್ಡಮಳೂರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹಾಕಿ, ‘ದೊಡ್ಡ ವಿಷ್ಯ ಏನಿದ್ರೂ ಕಾಗ್ದ ಹಾಕಕ್ಕ’ ಅಂದಿದ್ದೆ. ಇದು ದೊಡ್ಡ ವಿಷಯ. ಫೋನಾದರೆ ಅರ್ಧ ಕೇಳಿ ಇಟ್ಟುಬಿಡ್ತೀಯ. ಕಾಗದ ಹಂಗಲ್ಲ, ಬಿಸಾಕಿದ್ರೂ ಮತ್ತೆ ಎತ್ಕೊಂಡು ಓದಲೇಬೇಕು.

ನಿನ್ನ ಮಗಳು ರಮ್ಯಾ ಒಂದು ಲಕೋಟೆ ಕಳಿಸಿದ್ದಾಳೆ. ಅವಳ ಹಡಗಿನವರು ಕೆಲಸದವರ ಮನೆಯವರಿಗೆ ಅಂತ ಎರಡು ಪಾಸು ಕೊಡ್ತಾರಂತೆ. ಫೆಬ್ರವರಿ ಮೂರನೇ ತಾರೀಕು ಮಧ್ಯಾಹ್ನ ಮುಂಬೈಯಲ್ಲಿ ಹತ್ತೋದು, ಕೊಚ್ಚಿಗೆ ಹೋಗಿ ತಿರುಗಿ ಮುಂಬೈಗೆ ಬರೋದು. ಒಂದರ ಮೇಲೆ ನಿನ್ನ ಹೆಸರು, ಇನ್ನೊಂದರ ಮೇಲೆ ನನ್ನದು.

ಪಾಸು ನನ್ನ ವಿಳಾಸಕ್ಕೆ ಯಾಕೆ ಬಂತು ಅಂತ ಮುನಿಸಿಕೊಳ್ಳಬೇಡ. ಮೂರು ವರ್ಷದ ಹಿಂದೆ, ನೀನು ನೋಡಿದ ಗಂಡು ಬೇಡ ಅಂತ ಅವಳು ಬ್ಯಾಗು ಹಿಡಿದು ಹೊರಟಾಗ ನೀನು ಬಾಗಿಲಲ್ಲಿ ನಿಂತು ಏನಂದೆ? ‘ಹಡಗು ಹತ್ತಿದ್ರೆ ಈ ಹೊಸ್ಲು ತುಳೀಬ್ಯಾಡ’ ಅಂದೆ. ತನ್ನ ಕಾಗದವೂ ತುಳೀಬಾರದು ಅಂದುಕೊಂಡಿದ್ದಾಳೆ ಹುಡುಗಿ.

ಹೂಂ ಅನ್ನು, ಲತಾ. ನನಗೂ ಐವತ್ತಾರಾಯಿತು. ಅರ್ಕಾವತಿ ನೋಡಿದ್ದೀನಿ, ಅದು ಕಾವೇರಿಗೆ ಸೇರೋ ಸಂಗಮ ನೋಡಿದ್ದೀನಿ. ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲಾನೂ ನೋಡಿಲ್ಲ. ನಮ್ಮ ಯಜಮಾನರು ದೊಡ್ಡಮುನಿಯಪ್ಪನವರಿಗೆ ವಿಷಯ ಹೇಳಿದೆ. (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯಬಹುದು.) ‘ಹೋಗು, ಆದ್ರೆ ಅಲ್ಲಿ ಯಾವನಾದ್ರೂ ದನ ಮಾರ್ತೀನಿ ಅಂದ್ರೆ ತಗೋಬ್ಯಾಡ’ ಅಂದರು. ಅವರಿಗೆ ಊರು ಬಿಟ್ಟು ಹೋಗೋದು ಅಂದ್ರೆ ಜಾತ್ರೆಗೆ ದನ ತರೋಕೆ ಅಷ್ಟೇ.

ನಿನ್ನ ಅಕ್ಕ
ಅಂಕಮ್ಮ


ದೊಡ್ಡಮಳೂರು
20 ನವೆಂಬರ್ 2024

ಅಂಕಕ್ಕ,

ನಿನ್ನ ಕಾಗದವನ್ನು ಮೂರು ದಿನ ಅರಗಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಹೆತ್ತವಳು ನಾನು, ಪಾಸು ನಿನಗೆ. ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ನಾಲ್ಕನೇ ದಿನ ವರ್ಕ್‌ಶಾಪಿನಲ್ಲಿ ಮರದ ಗೊಂಬೆಗೆ ಹಳದಿ ಬಳಿಯಬೇಕಾದಲ್ಲಿ ನೀಲಿ ಬಳಿದೆ. ಪಕ್ಕದ ಮಿಷನ್ನಿನಲ್ಲಿ ಕೂರುವ ಗುಲ್ಜಾರ್ ಬೀ ನೋಡಿ, ‘ಏನ್ ಲತಮ್ಮ, ಗಿಳಿಗೆ ಸಮುದ್ರ ಬಳ್ದಿದೀರ’ ಎಂದರು. ಅಲ್ಲಿಗೆ ನಿರ್ಧಾರವಾಯಿತು. ಬರುತ್ತೇನೆ.

ಆದರೆ ಅಕ್ಕ, ಅಷ್ಟು ದೂರ ಹೋಗಿ ರೈಲಿಳಿದು ನೆಟ್ಟಗೆ ಹಡಗು ಹತ್ತುವುದೇ? ಎರಡು ದಿನ ಮುಂಚೆ ಹೋಗಿ ಮುಂಬೈ ನೋಡೋಣ. ಗುಲ್ಜಾರ್ ಬೀ ಅಕ್ಕನ ಮಗಳು ಮಹೀನ್ ಅಲ್ಲೇ ಬೈಕುಲ್ಲಾದಲ್ಲಿ ಇದ್ದಾಳೆ, ಮನೆಯಲ್ಲಿ ಒಂದು ರೂಮು ಬಿಟ್ಟುಕೊಡುತ್ತಾಳಂತೆ. ಮೊದಲ ದಿನ ಗೇಟ್‌ವೇ ಆಫ್ ಇಂಡಿಯಾ, ಆಮೇಲೆ ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮಹಡಿಯಲ್ಲಿ ಮುಂದಿನ ಸೀಟು, ಸಂಜೆ ಮರೀನ್ ಡ್ರೈವ್. ಎರಡನೇ ದಿನ ಮಹಾಲಕ್ಷ್ಮಿ ದೇವಸ್ಥಾನ, ನೀರಿನ ನಡುವೆ ಇರುವ ಹಾಜಿ ಅಲಿ ದರ್ಗಾ, ಆಮೇಲೆ ಬೆಟ್ಟದ ಮೇಲಿನ ಒಂದು ಪಾರ್ಕು. ಅಲ್ಲಿ ಬೂಟಿನ ಆಕಾರದ ಮನೆ ಇದೆಯಂತೆ, ಎರಡು ಮಹಡಿ ಎತ್ತರ. ನಾವಿಬ್ಬರೂ ಚಪ್ಪಲಿ ಇಲ್ಲದೆ ಶಾಲೆಗೆ ಹೋದವರು, ಬೂಟಿನ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು.

ನಿನ್ನೆ ಮಧ್ಯಾಹ್ನ ಕೆಲಸ ಮಾಡುತ್ತ ಮಾಡುತ್ತ ಹಾಗೇ ಕಣ್ಣು ಮುಚ್ಚಿತು. ಕಾಲ ಕೆಳಗಿನ ಮರದ ಹೊಟ್ಟೆಲ್ಲ ಮರಳಾಗಿತ್ತು, ನಾವಿಬ್ಬರೂ ಅದರ ಮೇಲೆ ನಡೆಯುತ್ತಿದ್ದೆವು. ಎಷ್ಟು ನಡೆದರೂ ಸಂಜೆಯೇ ಆಗುತ್ತಿರಲಿಲ್ಲ.

ಲತಾಮಣಿ


ಕೋಡಿಹಳ್ಳಿ
2 ಡಿಸೆಂಬರ್ 2024

ಲತಾ,

ನಿನ್ನ ಪಟ್ಟೀನ ಹಾಲು ಕರೆಯುವಾಗ ಹಸುವಿಗೂ ಓದಿ ಹೇಳಿದೆ. ಡಬಲ್ ಡೆಕ್ಕರಿನಲ್ಲಿ ಮುಂದಿನ ಸೀಟು ನನಗೆ. ಚಿಕ್ಕವಳು ನೀನು, ಹಿಂದೆ ಕೂತ್ಕೋ.

ಜನವರಿ ಮೂವತ್ತರ ರೈಲಿಗೆ ಇಬ್ಬರಿಗೂ ಸೀಟು ಮಾಡಿಸಿಯಾಯಿತು. ಎರಡು ದಿನಕ್ಕೆ ಎರಡು ಸೀರೆ ಎತ್ತಿಟ್ಟಿದ್ದೀನಿ. ಸಮುದ್ರದ ಮುಂದೆ ಉಡೋಕೆ ಆ ನವಿಲು ಬಣ್ಣದ್ದು. ಹಡಗಿನಲ್ಲಿ ಸೀರೆ ಗಾಳಿಗೆ ಹಾರುತ್ತಾ? ಪಿನ್ನು ಎಷ್ಟು ಬೇಕು? ನೀರು ನಿಜವಾಗಲೂ ಉಪ್ಪಂತೆ, ಆದರೆ ನಮ್ಮ ಸಾರಿನಷ್ಟಾ, ಉಪ್ಪಿನಕಾಯಿಯಷ್ಟಾ? ಇಂಥದ್ದನ್ನೆಲ್ಲ ಯಾರನ್ನ ಕೇಳೋದು ಅಂತ ರಮ್ಯನ್ನೇ ಕೇಳಿದೆ. ‘ಬಂದು ನೀನೇ ನೆಕ್ಕಿ ನೋಡು ದೊಡ್ಡಮ್ಮ’ ಅಂತ ನಕ್ಕಳು. ಮೊನ್ನೆ ಫೋನ್ ಮಾಡಿದ್ದಳು. ಹಡಗಿನ ರೂಮುಗಳನ್ನ ಚೊಕ್ಕವಾಗಿಡೋ ಹನ್ನೆರಡು ಜನಕ್ಕೆ ಈಗ ಅವಳೇ ಮೇಸ್ತ್ರಿ. ನಿನ್ನ ಮನೆಯಲ್ಲಿ ಒಂದು ಲೋಟ ತೊಳೀತಿರಲಿಲ್ಲ, ನೋಡು.

ಒಂದು ಮಾತು. ನಿನ್ನ ಕಾಗದದಲ್ಲಿ ಬೂಟಿನ ಮನೆ ಇದೆ, ಗಿಳಿ ಇದೆ, ಮಹೀನ್ ಇದ್ದಾಳೆ. ಮಗಳ ಹೆಸರು ಒಂದು ಸಲವೂ ಇಲ್ಲ. ಮರೆತೆ ಅಂದ್ಕೋತೀನಿ.

ಅಂಕಮ್ಮ


ದೊಡ್ಡಮಳೂರು
15 ಡಿಸೆಂಬರ್ 2024

ಅಂಕಕ್ಕ,

ಎರಡು ದಿನ ಸಾಲದು. ನಾನು ಕೂತು ಸರಿಯಾಗಿ ಯೋಚಿಸಿದೆ. ಗೇಟ್‌ವೇ ಹತ್ತಿರದಿಂದ ಎಲಿಫೆಂಟಾ ಗುಹೆಗೆ ದೋಣಿ ಹೋಗುತ್ತದೆ, ಅದಕ್ಕೇ ಒಂದು ಪೂರ್ತಿ ದಿನ ಬೇಕು. ಮ್ಯೂಸಿಯಂಗೆ ಅರ್ಧ ದಿನ. ಮಾಟುಂಗದಲ್ಲಿ ನಮ್ಮ ಕಡೆಯ ಇಡ್ಲಿ, ಕಾಫಿ ಸಿಗುತ್ತದಂತೆ, ಅಲ್ಲಿ ಒಂದು ಬೆಳಗ್ಗೆ. ಹಾಜಿ ಅಲಿಗೆ ಹೋಗುವ ದಾರಿ ಉಬ್ಬರ ಬಂದಾಗ ಮುಳುಗುತ್ತದೆ, ನೀರು ಇಳಿಯುವವರೆಗೆ ದಡದಲ್ಲಿ ಕೂತು ಕಾಯಬೇಕು. ಕಾಯುವುದಕ್ಕೂ ಒಂದು ದಿನ ಇಟ್ಟಿದ್ದೇನೆ. ಒಟ್ಟು ಆರು ದಿನವಾಗುತ್ತದೆ.

ಈಗ ನನಗೆ ದಿನವೂ ಮುಂಬೈಯಲ್ಲೇ ಬೆಳಗಾಗುತ್ತದೆ ಅಕ್ಕ. ಅಪ್ರಮೇಯನ ಗುಡಿಯ ಗಂಟೆ ಹೊಡೆದರೆ ಅದು ಹಡಗುಕಟ್ಟೆಯ ಗಂಟೆ. ಮಿಷನ್ನು ಗುಂಯ್ ಎಂದರೆ ಅದು ದೋಣಿಯ ಇಂಜಿನ್ನು. ನಾವು ಆ ಕಲ್ಲಿನ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿರುತ್ತೇವೆ, ದೂರದಲ್ಲಿ ಬಿಳೀ ಹಡಗೊಂದು ನಿಂತಿರುತ್ತದೆ. ಅದು ಹೊರಡುವುದೂ ಇಲ್ಲ, ಹತ್ತಿರ ಬರುವುದೂ ಇಲ್ಲ. ಎಂಥ ಸುಖವಾದ ಕನಸು ಗೊತ್ತಾ.

ಮೂವತ್ತನೇ ತಾರೀಕಿನ ರೈಲಿಗೆ ಸೀಟು ಮಾಡಿಸಿಯಾಗಿದೆ ಎಂದೆಯಲ್ಲ, ಅದನ್ನು ಬದಲಾಯಿಸಲು ಆಗುತ್ತದಾ?

ಲತಾಮಣಿ


ಕೋಡಿಹಳ್ಳಿ
26 ಡಿಸೆಂಬರ್ 2024

ಲತಾ,

ರೈಲು ಬದಲಾಗಲ್ಲ. ಜನವರಿ ಮೂವತ್ತು ಗುರುವಾರ ಬೆಂಗಳೂರಲ್ಲಿ ಹತ್ತೋದು, ಮೂವತ್ತೊಂದಕ್ಕೆ ಮುಂಬೈ. ಶನಿವಾರ, ಭಾನುವಾರ ಊರು ನೋಡೋದು. ಸೋಮವಾರ ಹಡಗು. ಎರಡೇ ದಿನ.

ಮೂವತ್ತೊಂದಕ್ಕೆ ಇಳಿದು ಆರು ದಿನ ಊರು ನೋಡಿದ್ರೆ ಹಡಗು ಅಷ್ಟೊತ್ತಿಗೆ ಕೊಚ್ಚಿಯಲ್ಲಿರುತ್ತೆ. ನಿನಗೂ ಅದು ಗೊತ್ತು. ನೀನು ಊರು ನೋಡೋಕೆ ಲೆಕ್ಕ ಹಾಕ್ತಿಲ್ಲ ಕಣೇ, ಹಡಗು ತಪ್ಪಿಸೋಕೆ ಹಾಕ್ತಿದ್ದೀಯ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಬೈದೆ ಅಂದ್ಕೋಬೇಡ, ನಿನಗೆ ಭಯ ಅಂತ ನನಗೆ ಗೊತ್ತು. ಏನು ಭಯ ಅಂತ ನೀನೇ ಬರಿ.

ಇಲ್ಲಿ ಈ ಸಲದ ರೇಷ್ಮೆ ಹುಳಕ್ಕೆ ಏರ್ಪಾಡು ಮಾಡ್ತಿದ್ದೀವಿ. ಜನವರಿ ನಾಲ್ಕಕ್ಕೆ ಮೊಟ್ಟೆ ಒಡೆದು ಹುಳ ಏಳ್ತವೆ. ಅಲ್ಲಿಂದ ಇಪ್ಪತ್ತನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟೋಕೆ ಶುರು. ಇಪ್ಪತ್ತೆಂಟಕ್ಕೆ ಎಲ್ಲಾನೂ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟು, ಇಪ್ಪತ್ತೊಂಬತ್ತಕ್ಕೆ ತಲೆಗೆ ಎಣ್ಣೆ ಹಾಕ್ಕೊಂಡು ಸ್ನಾನ ಮಾಡಿ, ಮೂವತ್ತಕ್ಕೆ ನಿನ್ನ ಪಕ್ಕದಲ್ಲಿರ್ತೀನಿ. ಲೆಕ್ಕ ಸರಿಯಾಗಿದೆ ತಾನೇ?

ಅಂಕಮ್ಮ


ದೊಡ್ಡಮಳೂರು
6 ಜನವರಿ 2025

ಅಂಕಕ್ಕ,

ಸರಿಯಾಗಿದೆ. ನಿನ್ನ ಹುಳದ ಲೆಕ್ಕ ಯಾವತ್ತು ತಪ್ಪಿದೆ.

ಏನು ಭಯ ಎಂದು ಕೇಳಿದೆ. ಬರೆಯುತ್ತೇನೆ. ರಮ್ಯಾ. ನೋಡು, ಹೆಸರು ಬರೆದೆ. ಅವಳ ಅಪ್ಪ ತೀರಿಕೊಂಡಾಗ ಅವಳು ಹತ್ತನೇ ಕ್ಲಾಸು. ಆ ಮೇಲೆ ಒಂದು ದಿನವೂ ಅವಳನ್ನು ಕಣ್ಣು ಮರೆಯಾಗಲು ಬಿಡಲಿಲ್ಲ. ಅದಕ್ಕೇ ಅವತ್ತು ಹಾಗೆ ಅಂದುಬಿಟ್ಟೆ. ಹೊಸಿಲ ಮೇಲೆ ನಿಂತು ಕೆಟ್ಟದ್ದು ಆಡಬಾರದು ಎಂದು ನಮ್ಮವ್ವ ಬಡಿದುಕೊಳ್ಳುತ್ತಿದ್ದಳು, ಅಲ್ಲೇ ನಿಂತು ಆಡಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು. ನನಗೆ ಬೇಕಾಗಿರುವುದು ಇಷ್ಟೇ, ಮುಂಬೈಯಲ್ಲ, ಕೊಚ್ಚಿಯೂ ಅಲ್ಲ. ಆದರೆ ಬಾಯಿ ತೆರೆದರೆ ಬೇರೇನೋ ಬಂದುಬಿಡುತ್ತದೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಹೀಗೆ ಮಾಡೋಣ. ಹಡಗಿನಲ್ಲಿ ನೀನು ಮುಂದೆ ಹೋಗು, ನಾನು ನಿನ್ನ ಹಿಂದೆ ನಿಂತಿರುತ್ತೇನೆ. ‘ನಿಮ್ಮಮ್ಮ ಬಂದವ್ಳೆ, ಅವ್ಳಿಗೆ ತಪ್ಪಾಯ್ತಂತೆ’ ಎಂದು ನೀನೇ ಹೇಳು. ಆಮೇಲಿನದ್ದು ನಾನು ನೋಡಿಕೊಳ್ಳುತ್ತೇನೆ. ನೀನಿದ್ದರೆ ನನಗೆ ಎರಡು ದಿನದ ಮುಂಬೈಯೂ ಸಾಕು.

ಲತಾ


ಕೋಡಿಹಳ್ಳಿ
22 ಜನವರಿ 2025

ಲತಾ,

ಹೆಂಗೆ ಬರೀಲಿ ಗೊತ್ತಾಗ್ತಿಲ್ಲ. ಹುಳ ಇವತ್ತು ನಾಲ್ಕನೇ ಜ್ವರಕ್ಕೆ ಕೂತವೆ. ನಿನಗೆ ನೆನಪಿರಬಹುದು, ಪೊರೆ ಬಿಡೋ ಹೊತ್ತಿಗೆ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಸತ್ತಂಗೆ ಕೂತಿರ್ತವೆ. ಮೂರು ನಾಲ್ಕು ದಿನದ ಹಿಂದೆಯೇ ಆಗಬೇಕಿತ್ತು. ಈ ಸಲ ಚಳಿ. ಎದ್ದ ಮೇಲೆ ಇನ್ನೂ ಒಂಬತ್ತು ದಿನ ಸೊಪ್ಪು ತಿಂದೇ ಹಣ್ಣಾಗೋದು. ಅಂದರೆ ಫೆಬ್ರವರಿ ಎರಡು. ನಮ್ಮ ಯಜಮಾನರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಹದಿನೈದು ದಿನವೂ ಆಗಿಲ್ಲ, ಹಣ್ಣು ಹುಳ ಯಾವುದು ಹಸಿದ ಹುಳ ಯಾವುದು ಅಂತ ಅವರಿಗೆ ಕಾಣಲ್ಲ. ಆ ಎರಡು ದಿನ ಮನೆ ಬಿಟ್ಟರೆ ಹುಳ ಕಂಡಕಂಡಲ್ಲಿ ಗೂಡು ಕಟ್ಟಿ ಎಲ್ಲಾ ಹಾಳು.

ಲೆಕ್ಕ ತಪ್ಪಿದೆ. ನೀನು ಹೋಗು. ಒಬ್ಬಳೇ ಹೋಗು ಲತಾ.

ಅಂಕಮ್ಮ


ದೊಡ್ಡಮಳೂರು
25 ಜನವರಿ 2025

ಅಂಕಮ್ಮನವರಿಗೆ,

ನಿಮ್ಮ ಹುಳ ಚೆನ್ನಾಗಿರಲಿ. ನಾನೂ ಹೋಗುವುದಿಲ್ಲ.

ಲತಾಮಣಿ


ಮುಂಬೈ
2 ಫೆಬ್ರವರಿ 2025, ಭಾನುವಾರ

ಅಂಕಕ್ಕ,

ಬಂದಿದ್ದೇನೆ. ಬುಧವಾರ ಕನಕಪುರದ ಬಸ್ಸಿನ ಕಂಡಕ್ಟರು ವರ್ಕ್‌ಶಾಪಿಗೇ ಬಂದು ನಿನ್ನ ಗಂಟು ಕೊಟ್ಟು ಹೋದರು. ಕಜ್ಜಾಯ, ಹುರಿಗಾಳು, ನನ್ನ ಪಾಸು, ಒಂದು ಖಾಲಿ ಬಾಟಲಿ. ಬಾಟಲಿಗೆ ಬಿಳೀ ಕಾಗದ ಅಂಟಿಸಿ ‘ಸಮುದ್ರ. ರಮ್ಯನ ಕೈಲಿ ತುಂಬಿಸು’ ಎಂದು ಬರೆದಿದ್ದೆ. ಅದನ್ನು ಓದಿ ಗುಲ್ಜಾರ್ ಬೀ ನನಗೆ ಮಾತಾಡಲು ಬಿಡಲಿಲ್ಲ. ‘ಎದ್ದೇಳಿ ಲತಮ್ಮ, ರೈಲು ನಿಮ್ ಕೋಪಕ್ಕೆ ಕಾಯಲ್ಲ’ ಎಂದು ಬೆಂಗಳೂರಿನವರೆಗೆ ಬಂದು ಹತ್ತಿಸಿಯೇ ಹೋದರು.

ಈ ಎರಡು ದಿನ ಪಟ್ಟಿಯಲ್ಲಿದ್ದದ್ದನ್ನೆಲ್ಲ ನೋಡಿದೆ. ಡಬಲ್ ಡೆಕ್ಕರಿನಲ್ಲಿ ಮುಂದಿನ ಸೀಟು ನಿನಗೆ ಬಿಟ್ಟು ನಾನು ಹಿಂದೆ ಕೂತೆ. ಯಾರೋ ಬಂದು ಕೂರಲು ಹೋದರೆ ಬ್ಯಾಗು ಇಟ್ಟೆ, ಜನ ಬೈದುಕೊಂಡರು. ಬೂಟಿನ ಮನೆ ನಿಜವಾಗಿಯೂ ಇದೆ. ಮಹೀನ್ ಫೋಟೋ ತೆಗೆದಳು, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದೇನೆ.

ಈಗ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಿಸಿಲು ಇಳಿಯುತ್ತಿದೆ. ಸಮುದ್ರದ ಸದ್ದು ಹೇಗಿದೆ ಎಂದು ಮೊದಲು ಗುರುತು ಸಿಗಲಿಲ್ಲ, ಆಮೇಲೆ ಸಿಕ್ಕಿತು. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು. ನಿಮ್ಮಪ್ಪನ, ಅಂದರೆ ನನ್ನ ದೊಡ್ಡಪ್ಪನ, ಹುಳದ ಮನೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಕೇಳುತ್ತಿದ್ದೆವಲ್ಲ, ಅದೇ.

ಅಲ್ಲಿಂದ ಇನ್ನೊಂದು ನೆನಪಾಯಿತು. ಚಳಿಗಾಲದಲ್ಲಿ ಇಪ್ಪತ್ತನಾಲ್ಕು ದಿನಕ್ಕೆ ಹಣ್ಣಾಗುವ ಹುಳ ಯಾವ ಸೀಮೆಯಲ್ಲಿದೆ ಅಕ್ಕ? ಅದು ಬೇಸಿಗೆಯ ಲೆಕ್ಕ. ಜನವರಿಯಲ್ಲಿ ಇಪ್ಪತ್ತೆಂಟು, ಮೂವತ್ತು ಎಂದು ಆ ಮನೆಯ ಕೂಸುಗಳಿಗೂ ಗೊತ್ತಿತ್ತು. ನಾನು ಗೊಂಬೆಯವಳು, ಮರೆತೆ. ಮೂವತ್ತೈದು ವರ್ಷ ಹುಳ ಸಾಕಿದವಳು ಮರೆಯುತ್ತೀಯಾ? ಬೇಕೆಂದೇ ಮಾಡಿದ್ದೀಯ. ನನ್ನ ಪಕ್ಕ ನಿಲ್ಲಲು ನಿನಗೆ ನಾಚಿಕೆಯಾಯಿತು. ಮಗಳನ್ನು ಹೊರಗೆ ಹಾಕಿದವಳ ಪಕ್ಕ ಯಾರು ನಿಲ್ಲುತ್ತಾರೆ.

ನಾಳೆ ಬೆಳಗ್ಗೆ ಬೆಂಗಳೂರಿಗೆ ರೈಲಿದೆ. ಮಹೀನ್ ಹತ್ತಿರ ವಿಚಾರಿಸಿಟ್ಟಿದ್ದೇನೆ. ಬಾಟಲಿ ಇನ್ನೂ ಖಾಲಿಯೇ ಇದೆ.

ಲತಾ


ಕೋಡಿಹಳ್ಳಿ
4 ಫೆಬ್ರವರಿ 2025

ಲತಾ,

ಇದನ್ನು ನಿನ್ನ ಮನೆ ವಿಳಾಸಕ್ಕೆ ಹಾಕ್ತಿದ್ದೀನಿ. ಬಂದ ಮೇಲೆ ಓದ್ತೀಯ. ನೀನು ಹಡಗು ಹತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನೆಯಿಂದ ಫೋನ್ ಮಡಿಲಲ್ಲಿ ಇಟ್ಕೊಂಡು ಕೂತಿದ್ದೀನಿ, ಮಾಡೋಕೆ ಧೈರ್ಯ ಇಲ್ಲ.

ನಾನು ಸುಳ್ಳು ಲೆಕ್ಕ ಹೇಳಿದೆ. ಚಳಿಗಾಲದ ಹುಳ ತಡ ಆಗುತ್ತೆ ಅಂತ ಗೊತ್ತಿದ್ದೇ ಆ ತಾರೀಕಿಗೆ ಮೊಟ್ಟೆ ತರಿಸಿದೆ. ಡಿಸೆಂಬರಿನಲ್ಲಿ ರಮ್ಯಾ ಮತ್ತೆ ಫೋನ್ ಮಾಡಿದಾಗ ಒಂದು ಮಾತು ಹೇಳಿದಳು, ನಿನಗೆ ಬರೀಲಿಲ್ಲ. ‘ದೊಡ್ಡಮ್ಮ, ನೀನು ಬಂದ್ರೆ ಅಮ್ಮ ನಿನ್ ಜೊತೇಲೇ ಮಾತಾಡ್ಕೊಂಡು ಓಯ್ತದೆ. ನಂಗೆ ಏನ್ ಹೇಳ್ಬೇಕಾದ್ರೂ ನಿನ್ ಕೈಲೇ ಹೇಳಿಸ್ತದೆ. ಒಂದ್ಸಲ ಅದರ ಬಾಯಲ್ಲೇ ಕೇಳ್ಬೇಕು ಕಣ್ ದೊಡ್ಡಮ್ಮ’ ಅಂದಳು.

ಅವಳು ಹೇಳಿದ್ದು ನಿಜ. ಚಿಕ್ಕವಳಿದ್ದಾಗ ರಜಕ್ಕೆ ಇಲ್ಲಿಗೆ ಬಂದರೂ, ‘ಅಂಕಕ್ಕ, ಅವ್ಳಿಗೆ ಉಣ್ಣಾಕೆ ಬರಾಕೇಳು’ ಅಂತಿದ್ದೆ ನೀನು, ಮಗು ಪಕ್ಕದಲ್ಲೇ ಕೂತಿರೋದು. ನಾನೂ ಹೇಳ್ತಿದ್ದೆ. ಹೇಳಿ ಹೇಳಿ ನಿಮ್ಮಿಬ್ಬರ ಮಧ್ಯೆ ಗೋಡೆ ಆದೆ ಅಂತ ನನಗೆ ಗೊತ್ತಾಗಲಿಲ್ಲ. ನೀನು ಜನವರಿಯಲ್ಲಿ ‘ನೀನು ಮುಂದೆ ಹೋಗು’ ಅಂತ ಬರೆದೆ ನೋಡು, ಅವತ್ತು ನನ್ನ ಮನಸ್ಸು ಗಟ್ಟಿಯಾಯಿತು. ಜ್ವರಕ್ಕೆ ಕೂತ ಹುಳವನ್ನ ಪಾಪ ಅಂತ ಕೈಯಲ್ಲಿ ಸವರಿದರೆ ಅದು ಪೊರೆ ಬಿಡದೇ ಸಾಯುತ್ತೆ.

ಹುಳ ಭಾನುವಾರ ಹಣ್ಣಾದವು. ಎಲ್ಲಾ ಚಂದ್ರಿಕೆಯಲ್ಲಿ ಗೂಡು ಕಟ್ತಿವೆ. ಸದ್ದು ನಿಂತು ಮನೆ ಬಿಕೋ ಅಂತಿದೆ. ನವಿಲು ಬಣ್ಣದ ಸೀರೆಯನ್ನ ಮತ್ತೆ ಪೆಟ್ಟಿಗೆಯಲ್ಲಿ ಇಡುವಾಗ ಅತ್ತೆ. ಸಮುದ್ರಕ್ಕಾಗಿಯೇ ಅತ್ತೆ, ಸುಳ್ಳು ಯಾಕೆ ಹೇಳಲಿ. ಆಸೆ ಇತ್ತು ಕಣೇ.

ಅಂಕಮ್ಮ


ಹಡಗಿನಲ್ಲಿ
6 ಫೆಬ್ರವರಿ 2025

ಅಂಕಕ್ಕ,

ನಾವು ಕೊಚ್ಚಿಯಿಂದ ಹೊರಟಿದ್ದೇವೆ. ಮುಂಬೈಯಲ್ಲಿ ಇಳಿದ ಕೂಡಲೇ ಇದನ್ನು ಡಬ್ಬಕ್ಕೆ ಹಾಕುತ್ತೇನೆ. ಅಷ್ಟರಲ್ಲಿ ನನ್ನ ಹಿಂದಿನ ಕಾಗದ ನಿನಗೆ ಸಿಕ್ಕಿ ನೀನು ಅತ್ತಿರುತ್ತೀಯ. ಆ ಕಾಗದವನ್ನು ಒಲೆಗೆ ಹಾಕು.

ಸೋಮವಾರ ಬೆಳಗ್ಗೆ ಬ್ಯಾಗು ಕಟ್ಟಿ ಸ್ಟೇಷನ್ನಿಗೇ ಹೊರಟಿದ್ದೆ. ಮಹೀನ್ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಳು. ಮಾತು ಬಂದರೂ ನಮ್ಮ ಅಕ್ಷರ ಅವಳಿಗೆ ಬಾರದು. ‘ಇದರಲ್ಲೇನ್ ಬರ್ದಿದೆ ಆಂಟಿ?’ ಎಂದಳು. ಓದಿ ಹೇಳಿದೆ. ‘ಹಂಗಾದ್ರೆ ಖಾಲಿ ತಗೊಂಡೋಗಿ ಅವರಿಗೆ ಏನಂತೀರ?’ ಎಂದಳು. ಬಾಟಲಿ ಇಸಿದುಕೊಂಡು ಬ್ಯಾಗಿಗೆ ಹಾಕಿಕೊಂಡೆ. ಟ್ಯಾಕ್ಸಿ ಸ್ಟೇಷನ್ನಿಗಲ್ಲ, ಹಡಗುಕಟ್ಟೆಗೆ ಹೋಯಿತು.

ಹಡಗಿನ ಬಾಗಿಲಲ್ಲಿ ರಮ್ಯಾ ಬಿಳೀ ಕೋಟು ಹಾಕಿ ನಿಂತಿದ್ದಳು. ಕೂದಲು ಕತ್ತರಿಸಿದ್ದಾಳೆ. ಸಣ್ಣಗಾಗಿದ್ದಾಳೆ. ನನ್ನ ಬ್ಯಾಗು ತೆಗೆದುಕೊಂಡು ಮುಂದೆ ನಡೆದಳು, ನಾನು ಹಿಂದೆ. ಉದ್ದನೆಯ ಹಾದಿ, ಎರಡೂ ಕಡೆ ಒಂದೇ ಥರದ ಬಾಗಿಲುಗಳು, ಕಾಲ ಕೆಳಗೆ ಮೆತ್ತನೆಯ ಕಂಬಳಿ. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಹಾದಿಯ ಕೊನೆಗೆ ಸಮುದ್ರದ ಕಡೆ ತೆರೆಯುವ ಒಂದು ಕಬ್ಬಿಣದ ಬಾಗಿಲು. ಅವಳು ದಾಟಿ, ಹಿಂತಿರುಗಿ ಕೈ ಚಾಚಿದಳು.

‘ಹೊಸ್ಲು ಐತೆ ಕಣಮ್ಮ. ಕಾಲೆತ್ತಿಡು.’

ಹಡಗಿಗೂ ಹೊಸಿಲು ಇರುತ್ತದೆ ಅಕ್ಕ. ನೀರು ಒಳಗೆ ಬರದಿರಲಿ ಎಂದು ಗೇಣುದ್ದ ಎತ್ತರ ಇಟ್ಟಿರುತ್ತಾರೆ. ನನಗೆ ಕಾಲು ಏಳಲಿಲ್ಲ. ಪಕ್ಕಕ್ಕೆ ತಿರುಗಿದೆ, ‘ಅಂಕಕ್ಕ, ಅವ್ಳಿಗೆ ಹೇಳು’ ಎನ್ನಲು. ಅಲ್ಲಿ ನೀನಿರಲಿಲ್ಲ. ನೀನು ಯಾಕೆ ಬರಲಿಲ್ಲ ಎಂದು ನನಗೆ ಆಗ ತಿಳಿಯಿತು.

‘ನಾನವತ್ತು ಆಡಿದ್ ಮಾತು ತಪ್ಪು ಕಣವ್ವ. ನಮ್ಮನೆ ಹೊಸ್ಲು ನಿಂದು’ ಎಂದೆ. ನನ್ನ ಬಾಯಿಯಿಂದಲೇ ಬಂತು.

ಅವಳ ಕಣ್ಣು ತುಂಬಿತು. ‘ಗೊತ್ತಮ್ಮ. ಮೊದ್ಲು ದಾಟು, ಹಿಂದೆ ಜನ ನಿಂತವ್ರೆ’ ಎಂದಳು. ತಿರುಗಿ ನೋಡಿದರೆ ನಿಜವಾಗಿಯೂ ಹತ್ತು ಜನ ಸೂಟ್‌ಕೇಸು ಹಿಡಿದು ನಿಂತಿದ್ದರು. ಅವಳ ಕೈ ಹಿಡಿದು ದಾಟಿದೆ. ಆಚೆ ಬರೀ ನೀರು.

ಕಜ್ಜಾಯವನ್ನು ತನ್ನ ಕೈಕೆಳಗಿನ ಹನ್ನೆರಡು ಜನಕ್ಕೂ ಹಂಚಿ ಮುಗಿಸಿದಳು. ಕೊಚ್ಚಿಯಲ್ಲಿ ಎರಡು ಗಂಟೆ ಬಿಡುವು ಸಿಕ್ಕಿತ್ತು. ಪ್ಯಾಂಟು ಮಡಚಿಕೊಂಡು ಮೊಣಕಾಲವರೆಗೆ ನೀರಿಗಿಳಿದು ನಿನ್ನ ಬಾಟಲಿ ತುಂಬಿದಳು. ನಾನು ನೆಕ್ಕಿ ನೋಡಿದೆ. ಉಪ್ಪಿನಕಾಯಿಯಷ್ಟಿಲ್ಲ, ಸಾರಿಗಿಂತ ಬಹಳ ಜಾಸ್ತಿ. ಏಪ್ರಿಲ್‌ನಲ್ಲಿ ಅವಳಿಗೆ ರಜೆ. ಮನೆಗೆ ಬರುತ್ತಾಳೆ. ಹೊಸಿಲಿಗೆ ಈ ಸಲ ನಾನೇ ಅರಗಿನ ಬಣ್ಣ ಹಾಕುತ್ತೇನೆ, ಹಳದಿ ಮತ್ತು ಕೆಂಪು.

ನವಿಲು ಬಣ್ಣದ ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡ. ಮುಂದಿನ ವರ್ಷದ ಪಾಸಿನಲ್ಲಿ ನಿನ್ನ ಹೆಸರೇ ಮೊದಲು, ಮುಂಬೈಯಲ್ಲಿ ಎರಡು ದಿನ, ಡಬಲ್ ಡೆಕ್ಕರಿನ ಮುಂದಿನ ಸೀಟು ನಿನ್ನದು. ಆದರೆ ಆ ಸಲ ಹುಳದ ಲೆಕ್ಕ ನಾನು ಹಾಕುತ್ತೇನೆ.

ನಿನ್ನ
ಲತಾ